ಹಳೆಯ ರೈಫಲ್ ತೋಟಾ ಎಷ್ಟು ವರ್ಷ ಬಾಳುತ್ತದೆ?

ಬಸವನಗುಡಿ, ಮಲ್ಲೇಶ್ವರ, ಫ್ರೇಜರ್ ಟೌನ್ ಕಡೆ ಹಳೆ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಅಟ್ಟದಿಂದ ತಾಮ್ರದ ಹಂಡೆ, ಹಿತ್ತಾಳೆ ದೀಪಗಳ ಜತೆ ಒಮ್ಮೊಮ್ಮೆ ಇನ್ನೊಂದು ವಸ್ತುವೂ ಕೆಳಗಿಳಿಯುತ್ತದೆ: ಬಟ್ಟೆಯಲ್ಲಿ ಸುತ್ತಿಟ್ಟ ಐದಾರು ರೈಫಲ್ ತೋಟಾಗಳು. ತಾತ ಸೇನೆಯಲ್ಲಿದ್ದವರೋ, ಸಕಲೇಶಪುರದ ಕಡೆ ತೋಟ ಮಾಡಿದವರೋ ಆಗಿರುತ್ತಾರೆ. ತೋಟಾದ ಮೇಲೆ ಹಸಿರು ಕಿಲುಬು ಹಿಡಿದಿರುತ್ತದೆ. ಕೈಯಲ್ಲಿ ಹಿಡಿದವರಿಗೆ ಕೂಡಲೇ ಮೂರು ಪ್ರಶ್ನೆ ಏಳುತ್ತವೆ. ಇದು ಈಗಲೂ ಸಿಡಿಯುತ್ತದೆಯೇ? ಇಟ್ಟಲ್ಲೇ ತಾನಾಗಿ ಸಿಡಿದರೆ? ಇದನ್ನು ಏನು ಮಾಡಬೇಕು?

ಕೊಡಗು, ಹಾಸನ, ಚಿಕ್ಕಮಗಳೂರಿನ ಮೂಲದವರು ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಲೈಸೆನ್ಸ್ ಇರುವವರ ಬೀರುವಿನಲ್ಲಿ ಪಾಯಿಂಟ್ 315 ರೈಫಲ್ಲಿನ ತೋಟಾಗಳು ವರ್ಷಗಟ್ಟಲೆ ಹಾಗೇ ಕುಳಿತಿರುತ್ತವೆ. ಅವರ ಪ್ರಶ್ನೆ ಸ್ವಲ್ಪ ಬೇರೆ: ಹತ್ತು ವರ್ಷದ ಹಿಂದೆ ತಂದದ್ದನ್ನು ಈಗ ಹಾರಿಸಬಹುದೇ? ಔಷಧಿಯ ಪಟ್ಟಿಯ ಮೇಲೆ ಇರುವಂತೆ ಇದರ ಮೇಲೆ ಕೊನೆಯ ದಿನಾಂಕ ಏಕಿಲ್ಲ?

ಕೊನೆಯ ದಿನಾಂಕ ಇಲ್ಲದಿರುವುದಕ್ಕೆ ಕಾರಣವಿದೆ. ತೋಟಾದ ಆಯುಸ್ಸು ತಯಾರಾದ ವರ್ಷದ ಮೇಲೆ ನಿಂತಿಲ್ಲ, ಆ ವರ್ಷಗಳನ್ನು ಅದು ಎಲ್ಲಿ ಕಳೆಯಿತು ಎಂಬುದರ ಮೇಲೆ ನಿಂತಿದೆ. ಎರಡನೇ ಮಹಾಯುದ್ಧದ ಕಾಲದ ತೋಟಾ ಇಂದಿಗೂ ಸರಿಯಾಗಿ ಹಾರುವುದುಂಟು. ಐದು ವರ್ಷದ ಹಿಂದಿನದು ಕೆಟ್ಟು ಹೋಗಿರುವುದೂ ಉಂಟು. ಇದು ಹೇಗೆ ಎಂದು ತಿಳಿಯಲು ತೋಟಾದ ಒಳಗೆ ಏನಿದೆ ಎಂದು ನೋಡಬೇಕು. (ಲೈಸೆನ್ಸ್ ಇಲ್ಲದೆ ಕೈಗೆ ತೋಟಾ ಸಿಕ್ಕವರು ಕೊನೆಯ ಭಾಗವನ್ನು ಮೊದಲು ಓದಿ. ಉಳಿದದ್ದನ್ನು ಆಮೇಲೆ ಓದಬಹುದು.)

ನಾಲ್ಕು ಭಾಗ, ಮೂರು ಬಗೆಯ ಮುಪ್ಪು

ಮಾತಿನಲ್ಲಿ ನಾವು ಇಡೀ ತೋಟಾವನ್ನೇ ‘ಗುಂಡು’ ಅನ್ನುತ್ತೇವೆ. ನಿಜದಲ್ಲಿ ಗುಂಡು ಎಂದರೆ ತುದಿಯಲ್ಲಿ ಕೂತು ನಳಿಗೆಯಿಂದ ಹೊರಗೆ ಹಾರುವ ಲೋಹದ ತುಂಡು ಮಾತ್ರ. ಅದನ್ನು ಹಿಡಿದಿರುವುದು ಹಿತ್ತಾಳೆಯ ಕೊಳವೆ. ಕೊಳವೆಯೊಳಗೆ ಮದ್ದು. ಕೊಳವೆಯ ತಳದ ನಡುವೆ ಅಂಗಿಯ ಗುಂಡಿಗಿಂತಲೂ ಕಿರಿದಾದ ಕೇಪು. ಟ್ರಿಗರ್ ಎಳೆದಾಗ ಸೂಜಿ ಕೇಪಿಗೆ ಹೊಡೆಯುತ್ತದೆ, ಕೇಪು ಕಿಡಿ ಉಗುಳುತ್ತದೆ, ಮದ್ದು ಉರಿದು ಅನಿಲವಾಗುತ್ತದೆ, ಆ ಒತ್ತಡ ಗುಂಡನ್ನು ತಳ್ಳುತ್ತದೆ.

ಒತ್ತಡದ ಅಂದಾಜು ಸಿಗಬೇಕಾದರೆ ಹೀಗೆ ನೋಡಿ. ಕಾರಿನ ಟೈರಿನಲ್ಲಿ 32ರಿಂದ 35 ಪಿಎಸ್‌ಐ ಗಾಳಿ ಇರುತ್ತದೆ. ಅಡುಗೆಮನೆಯ ಕುಕ್ಕರ್ ಸುಮಾರು 15 ಪಿಎಸ್‌ಐಗೆ ಸೀಟಿ ಹೊಡೆಯುತ್ತದೆ. ಸೇನೆಯ ರೈಫಲ್ ತೋಟಾ ಸಿಡಿದಾಗ ಒಳಗೆ 50ರಿಂದ 60 ಸಾವಿರ ಪಿಎಸ್‌ಐ ಒತ್ತಡ ಏಳುತ್ತದೆ. ಇದನ್ನೆಲ್ಲ ಕ್ಷಣಕಾಲ ತಡೆದು ಹಿಡಿಯುವುದು ಆ ತೆಳು ಹಿತ್ತಾಳೆ ಮತ್ತು ಅದರ ಸುತ್ತಲಿನ ಉಕ್ಕು. ಹಾಗಾಗಿ ಹಳೆ ತೋಟಾ ಹಾರಿಸಿದರೆ ‘ಹೆಚ್ಚೆಂದರೆ ಟುಸ್ ಅನ್ನುತ್ತದೆ’ ಎಂಬ ನಂಬಿಕೆ ಅಪಾಯದ್ದು.

ಗುಂಡಿನ ಸೀಸ, ತಾಮ್ರಕ್ಕೆ ಮುಪ್ಪು ಎನ್ನುವಷ್ಟು ಮುಪ್ಪು ಇಲ್ಲ. ಉಳಿದ ಮೂರೂ ಒಂದೊಂದು ರೀತಿಯಲ್ಲಿ ಹಳತಾಗುತ್ತವೆ.

ಮದ್ದು ಒಳಗೊಳಗೇ ಕರಗುವ ಬಗೆ

ಹಬ್ಬದ ಪಟಾಕಿಯ ಕಪ್ಪು ಮದ್ದು ಇದ್ದಿಲು, ಗಂಧಕ, ಪೆಟ್ಲುಪ್ಪಿನ ಮಿಶ್ರಣ. ಒದ್ದೆ ಆಗದಿದ್ದರೆ ಅದು ನೂರಾರು ವರ್ಷ ಹಾಗೇ ಇರುತ್ತದೆ. ರೈಫಲ್ಲಿನ ಹೊಗೆಯಿಲ್ಲದ ಮದ್ದು ಬೇರೆ ಜಾತಿಯದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಇದನ್ನು ಬಳಕೆಗೆ ತಂದ. ಹತ್ತಿಯ ನಾರನ್ನು ಆಮ್ಲಗಳಲ್ಲಿ ಪಳಗಿಸಿ ಪಡೆಯುವ ನೈಟ್ರೋಸೆಲ್ಯುಲೋಸ್ ಇದರ ಮೂಲ ವಸ್ತು. ಬ್ರಿಟಿಷರು ಇದಕ್ಕೆ ನೈಟ್ರೋಗ್ಲಿಸರಿನ್ ಮತ್ತು ವ್ಯಾಸಲೀನಿನಂಥ ಖನಿಜ ಜೆಲ್ಲಿ ಬೆರೆಸಿ ಕಾರ್ಡೈಟ್ ಮಾಡಿದರು. ಹಳೆಯ ತ್ರೀ ನಾಟ್ ತ್ರೀ (ಪಾಯಿಂಟ್ 303 ಅಳತೆಯ ಸೇನಾ ರೈಫಲ್) ತೋಟಾದೊಳಗಿನ ಕಾರ್ಡೈಟ್ ನೋಡಿದರೆ ಒಣ ಶ್ಯಾವಿಗೆಯ ಕಟ್ಟಿನಂತೆಯೇ ಇರುತ್ತದೆ: ಉದ್ದುದ್ದ, ಕಂದು ಬಣ್ಣದ ಎಳೆಗಳು. ಇದನ್ನು ತಯಾರಿಸಲೆಂದೇ ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆ ಎದ್ದಿತು. ಊಟಿಯಿಂದ ಕೂನೂರಿಗೆ ಹೋಗುವ ಪುಟ್ಟ ರೈಲು ಇಂದಿಗೂ ಅದರ ಪಕ್ಕದಲ್ಲೇ ಹಾದುಹೋಗುತ್ತದೆ.

ನೈಟ್ರೋಸೆಲ್ಯುಲೋಸಿನ ಸ್ವಭಾವದಲ್ಲೇ ಒಂದು ದೋಷವಿದೆ. ತಯಾರಾದ ದಿನದಿಂದಲೇ ಅದು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಒಡೆಯುತ್ತಿರುತ್ತದೆ. ಒಡೆದಾಗ ಸಾರಜನಕದ ಆಕ್ಸೈಡುಗಳು ಹೊರಬರುತ್ತವೆ. ಒಳಗಿರುವ ಒಂದಿಷ್ಟು ತೇವದ ಜತೆ ಸೇರಿ ಅವು ಆಮ್ಲವಾಗುತ್ತವೆ. ಆ ಆಮ್ಲ ಮತ್ತಷ್ಟು ಮದ್ದನ್ನು ಒಡೆಯುತ್ತದೆ. ಬುಟ್ಟಿಯಲ್ಲಿ ಕೊಳೆತ ಒಂದು ಮಾವಿನಹಣ್ಣು ಪಕ್ಕದ ಹಣ್ಣನ್ನು ಕೆಡಿಸಿದ ಹಾಗೆ, ಕೆಟ್ಟದ್ದೇ ಕೆಡಿಸುವುದಕ್ಕೆ ಕಾರಣವಾಗುತ್ತಾ ವೇಗ ಏರುತ್ತದೆ.

ಇದನ್ನು ತಡೆಯಲು ಮದ್ದಿಗೆ ತಯಾರಿಕೆಯ ಹಂತದಲ್ಲೇ ಸ್ಥಿರಕಾರಕ ಬೆರೆಸುತ್ತಾರೆ. ಹೆಚ್ಚಾಗಿ ಬಳಸುವುದು ಡೈಫಿನೈಲಮೀನ್, ಸುಮಾರು ಶೇ. 1ರಷ್ಟು. ಹೊರಬಂದ ಆಕ್ಸೈಡುಗಳನ್ನು ಇದು ಹಿಡಿದು ತನ್ನೊಳಗೆ ಕಟ್ಟಿಕೊಳ್ಳುತ್ತದೆ. ಹಾಗೆ ಹಿಡಿಯುತ್ತ ಹಿಡಿಯುತ್ತ ತಾನು ಸವೆಯುತ್ತದೆ. ಒಡೆಯುವುದನ್ನು ಅದು ನಿಲ್ಲಿಸುವುದಿಲ್ಲ, ಅದರ ಪರಿಣಾಮ ಹರಡದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ತೋಟಾದ ಆಯುಸ್ಸು ಎಂದರೆ ಬಹುಮಟ್ಟಿಗೆ ಈ ಸ್ಥಿರಕಾರಕದ ಆಯುಸ್ಸು. ಅಮೆರಿಕದ ಸೇನೆಯ ಲೆಕ್ಕದಲ್ಲಿ ಮದ್ದಿನ ಸ್ಥಿರಕಾರಕ ಶೇ. 0.2ಕ್ಕಿಂತ ಕೆಳಗಿಳಿದರೆ ಅದನ್ನು ಉಗ್ರಾಣದಲ್ಲಿ ಇಡುವಂತಿಲ್ಲ, ನಾಶ ಮಾಡಲೇಬೇಕು.

ಈ ಪಾಠವನ್ನು ಜಗತ್ತು ದುಬಾರಿ ಬೆಲೆ ಕೊಟ್ಟು ಕಲಿಯಿತು. 1907ರ ಮಾರ್ಚಿನಲ್ಲಿ ಫ್ರಾನ್ಸಿನ ತೂಲಾನ್ ಬಂದರಿನಲ್ಲಿ ‘ಇಯೆನಾ’ ಎಂಬ ಯುದ್ಧನೌಕೆ ಸಿಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. 1911ರ ಸೆಪ್ಟೆಂಬರಿನಲ್ಲಿ ಅದೇ ಬಂದರಿನಲ್ಲಿ ‘ಲಿಬರ್ಟೆ’ ಸಿಡಿಯಿತು, ಸತ್ತವರು ಇನ್ನೂರಕ್ಕೂ ಹೆಚ್ಚು. ಎರಡರಲ್ಲೂ ಬೆರಳು ತೋರಿದ್ದು ಹಳತಾದ ಮದ್ದಿನ ಕಡೆಗೆ.

ಹಾಗಾದರೆ ಟ್ರಂಕಿನಲ್ಲಿರುವ ಐದು ತೋಟಾ ತಾನಾಗಿ ಸಿಡಿಯುತ್ತದೆಯೇ? ಇಲ್ಲ. ಹಡಗಿನಲ್ಲಿ ಟನ್ನುಗಟ್ಟಲೆ ಮದ್ದು ಒಂದೇ ಕಡೆ ರಾಶಿ ಬಿದ್ದಿತ್ತು. ರಾಶಿಯ ನಡುವೆ ಹುಟ್ಟಿದ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಏರಿ ಏರಿ ಹೊತ್ತಿಕೊಂಡಿತು. ಹಸಿ ಹುಲ್ಲಿನ ಬಣವೆ ಒಳಗೇ ಕಾವು ಹಿಡಿಯುವುದನ್ನು ರೈತರು ಬಲ್ಲರು. ಒಂದು ತೋಟಾದಲ್ಲಿರುವ ಎರಡು ಮೂರು ಗ್ರಾಂ ಮದ್ದಿನ ಬಿಸಿ ಹಿತ್ತಾಳೆಯ ಮೂಲಕ ಕೂಡಲೇ ಹೊರಗೆ ಹೋಗುತ್ತದೆ. ಅದು ಅಲ್ಲೇ ಕೆಡುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ. ಈ ವಿಷಯದಲ್ಲಿ ಯಾರೂ ಹೆದರಬೇಕಿಲ್ಲ.

ಅಟ್ಟದ ಬಿಸಿಯ ಲೆಕ್ಕ

ಬಿಸಿ 10 ಡಿಗ್ರಿ ಏರಿದರೆ ಮದ್ದು ಕೆಡುವ ವೇಗ ಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ. ದೋಸೆ ಹಿಟ್ಟು ಡಿಸೆಂಬರಿನಲ್ಲಿ ರಾತ್ರಿಯೆಲ್ಲ ಇಟ್ಟರೂ ಹುಳಿ ಬರುವುದಿಲ್ಲ, ಏಪ್ರಿಲಿನಲ್ಲಿ ಸಂಜೆಯೊಳಗೇ ಉಕ್ಕಿ ಬರುತ್ತದೆಯಲ್ಲ, ಅದೇ ರೀತಿ.

ಒಂದು ಲೆಕ್ಕ ಹಾಕೋಣ. ಮೂರು ಪಟ್ಟು ಎಂದಿಟ್ಟುಕೊಂಡರೆ 25 ಡಿಗ್ರಿಗಿಂತ 45 ಡಿಗ್ರಿಯಲ್ಲಿ ವೇಗ ಒಂಬತ್ತು ಪಟ್ಟು. ಶೀಟ್ ಹಾಕಿದ ಮಾಡಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ದಿನಕ್ಕೆ ಆರು ಗಂಟೆ 45 ಡಿಗ್ರಿ ಮುಟ್ಟಿತು ಅನ್ನಿ. ಆ ಆರು ಗಂಟೆ 54 ಗಂಟೆಗೆ ಸಮ. ಉಳಿದ 18 ಗಂಟೆ ಸೇರಿಸಿದರೆ 72 ಗಂಟೆ. ಅಂದರೆ ಬೇಸಿಗೆಯ ಒಂದೊಂದು ದಿನವೂ ತೋಟಾದ ಆಯುಸ್ಸಿನಲ್ಲಿ ಮೂರು ದಿನ ತಿನ್ನುತ್ತದೆ. ಅದೇ ಮನೆಯ ನೆಲಮಟ್ಟದ ಕೋಣೆಯ ಬೀರುವಿನಲ್ಲಿ ಇಟ್ಟಿದ್ದರೆ ಒಂದು ದಿನಕ್ಕೆ ಒಂದೇ ದಿನ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿ ಅಟ್ಟಕ್ಕಿಂತ ಕೆಟ್ಟದ್ದು.

ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ಹವೆ ತೋಟಾದ ಪಾಲಿಗೆ ಒಳ್ಳೆಯದು. ಕಲಬುರಗಿಯ ಬಿಸಿಲಾಗಲೀ ಮಂಗಳೂರಿನ ತೇವವಾಗಲೀ ಇಲ್ಲಿಲ್ಲ. ಹಾಗಾಗಿ ನಗರದೊಳಗೆ ತೋಟಾ ಕೆಡುವುದು ಹೆಚ್ಚಾಗಿ ಇಟ್ಟ ಜಾಗದ ತಪ್ಪಿನಿಂದ: ಅಟ್ಟ, ಬಚ್ಚಲ ಪಕ್ಕದ ಗೋಡೆ, ನೆಲ ಜಿನುಗುವ ಬೇಸ್‌ಮೆಂಟ್.

ಕುದುರೆ ಲಾಯ ಕಲಿಸಿದ ಪಾಠ

ಹಿತ್ತಾಳೆಯ ಕಥೆಗೆ ನಮ್ಮ ದೇಶದ್ದೇ ಒಂದು ಅಧ್ಯಾಯವಿದೆ. ಬ್ರಿಟಿಷ್ ಸೇನೆ ಭಾರತದಲ್ಲಿ ಮಳೆಗಾಲ ಬಂದಾಗ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆಗಾಲ ಮುಗಿದ ಮೇಲೆ ತೆಗೆದು ನೋಡಿದರೆ ಹಿತ್ತಾಳೆಯ ಕೊಳವೆಗಳು ಗುಂಡನ್ನು ಹಿಡಿದ ಕಂಠದ ಬಳಿ ಉದ್ದಕ್ಕೆ ಬಿರುಕು ಬಿಟ್ಟಿರುತ್ತಿದ್ದವು. ಯಾರೂ ಮುಟ್ಟಿರಲಿಲ್ಲ, ಬೀಳಿಸಿರಲಿಲ್ಲ. ಇಂಥ ಕಾಲಕ್ಕೆ ಬರುವ ಬಿರುಕೆಂದು ಅದಕ್ಕೆ ಋತುವಿನ ಹೆಸರನ್ನೇ ಇಟ್ಟರು. ಕಾರಣ ಸ್ಪಷ್ಟವಾಗಿದ್ದು 1921ರಲ್ಲಿ: ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ.

ಹಿತ್ತಾಳೆಯ ಹಾಳೆಯನ್ನು ಒತ್ತಿ ಎಳೆದು ಕೊಳವೆ ಮಾಡುವಾಗ ಲೋಹದೊಳಗೆ ಬಿಗಿತ ಉಳಿದುಕೊಳ್ಳುತ್ತದೆ, ಮಡಚಿ ಬಿಟ್ಟ ತಂತಿಯಲ್ಲಿ ಇರುವ ಹಾಗೆ. ಗುಂಡನ್ನು ಬಿಗಿಯಾಗಿ ಹಿಡಿದ ಕಂಠದಲ್ಲಿ ಈ ಬಿಗಿತ ಹೆಚ್ಚು. ತೇವ ಮತ್ತು ಅಮೋನಿಯಾ ಎರಡೂ ಸೇರಿ ಹಿತ್ತಾಳೆಯ ಕಣಗಳ ಸಂದಿಗೆ ಇಳಿದರೆ ಬಿಗಿತ ಅಲ್ಲೇ ದಾರಿ ಮಾಡಿಕೊಂಡು ಬಿರಿಯುತ್ತದೆ. ಕಂಠವನ್ನು ಕಾಯಿಸಿ ಆ ಬಿಗಿತ ತೆಗೆಯುವುದೇ ಇದಕ್ಕೆ ಕಂಡುಕೊಂಡ ಪರಿಹಾರ. ಸೇನೆಯ ಅನೇಕ ತೋಟಾಗಳ ಕಂಠದ ಬಳಿ ನೀಲಿ, ಕಂದು ಕಲೆ ಕಾಣುತ್ತದೆ. ಅದನ್ನು ಕೆಟ್ಟ ಗುರುತು ಎಂದುಕೊಂಡು ಹಲವರು ಒಳ್ಳೆಯ ತೋಟಾವನ್ನೇ ದೂರ ಇಡುತ್ತಾರೆ. ಅದು ಕಾಯಿಸಿದ ಗುರುತು, ಇರಬೇಕಾದದ್ದೇ.

ಇಂದಿನ ಮನೆಯಲ್ಲಿ ಕುದುರೆ ಲಾಯ ಇಲ್ಲದಿರಬಹುದು. ಆದರೆ ಊರಿನ ಮನೆಯಲ್ಲಿ ದನದ ಕೊಟ್ಟಿಗೆಯ ಮೇಲಿನ ಅಟ್ಟವಿದೆ, ಯೂರಿಯಾ ಮೂಟೆ ಇಡುವ ಕೋಣೆಯಿದೆ. ಹಿತ್ತಾಳೆ ಹೊಳೆಯಿಸುವ ಅನೇಕ ಪಾಲಿಶ್‌ಗಳಲ್ಲಿಯೂ ಅಮೋನಿಯಾ ಇರುತ್ತದೆ. ದೀಪದ ಕಂಬ ತಿಕ್ಕಿದ ಬಟ್ಟೆಯಲ್ಲೇ ತೋಟಾ ತಿಕ್ಕಿ ಥಳಥಳ ಮಾಡಿಟ್ಟರೆ ನೋಡಲು ಚೆಂದ, ಆಮೇಲೆ ಕಂಠ ಬಿರಿಯಬಹುದು. ಹುಣಸೆಹಣ್ಣು, ನಿಂಬೆಹುಳಿಯಲ್ಲಿ ತೊಳೆಯುವುದೂ ತಪ್ಪು. ಹುಳಿ ಹಿತ್ತಾಳೆಯೊಳಗಿನ ಸತುವನ್ನು ತಿನ್ನುತ್ತದೆ, ಉಳಿಯುವುದು ಗುಲಾಬಿ ಬಣ್ಣಕ್ಕೆ ತಿರುಗಿದ ಟೊಳ್ಳು ತಾಮ್ರ.

ಚರ್ಮದ ಬೆಲ್ಟಿನ ವಿಷಯ ಕೊಡಗಿನವರಿಗೆ ಬೇಕಾದದ್ದು. ಚರ್ಮ ಹದ ಮಾಡಲು ಬಳಸುವ ಒಗರು ಆಮ್ಲ ಹಿತ್ತಾಳೆಗೆ ತಾಗಿ ಹಸಿರು ಕಿಲುಬು ಹಿಡಿಸುತ್ತದೆ. ಬೆಲ್ಟಿನಲ್ಲಿ ಸಿಕ್ಕಿಸಿದ ತೋಟಾ ಹಬ್ಬದ ದಿನಕ್ಕೆ ಸರಿ. ಸಂಜೆ ತೆಗೆದು ಪೆಟ್ಟಿಗೆಗೆ ಹಾಕಬೇಕು.

ಕೇಪು

ಕೇಪಿನಲ್ಲಿರುವ ಮದ್ದು ಕೆಲವು ಹತ್ತು ಮಿಲಿಗ್ರಾಂ ಮಾತ್ರ. ಇಂದಿನ ಕೇಪುಗಳಲ್ಲಿ ಹೆಚ್ಚಾಗಿ ಸೀಸದ ಸ್ಟಿಫ್ನೇಟ್ ಇರುತ್ತದೆ, ಇದು ಬಹುಕಾಲ ಬಾಳುತ್ತದೆ. ಹಳೆ ಕಾಲದ ಪಾದರಸದ ಫಲ್ಮಿನೇಟಿಗೆ ಬಿಸಿ ಆಗಿಬರುವುದಿಲ್ಲ. ಎರಡಕ್ಕೂ ದೊಡ್ಡ ಶತ್ರು ಎಣ್ಣೆ. ತುಕ್ಕು ಹಿಡಿಯದಿರಲಿ ಎಂದು ತೋಟಾಕ್ಕೆ ಎಣ್ಣೆ ಸವರುವುದು, ಸ್ಪ್ರೇ ಹೊಡೆಯುವುದು ನಮ್ಮಲ್ಲಿ ತುಂಬ ಕಾಣುವ ಅಭ್ಯಾಸ. ತೆಳು ಎಣ್ಣೆ ಕೇಪಿನ ಅಂಚಿನಿಂದ ನಿಧಾನಕ್ಕೆ ಒಳಗಿಳಿದು ಮದ್ದನ್ನು ಸಾಯಿಸಬಹುದು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಸಿಡಿದಾಗ ಹಿತ್ತಾಳೆ ಉಬ್ಬಿ ಚೇಂಬರಿನ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗ) ಗೋಡೆಯನ್ನು ಕಚ್ಚಿ ಹಿಡಿಯಬೇಕು. ಎಣ್ಣೆ ಇದ್ದರೆ ಜಾರುತ್ತದೆ, ಹಿಂದಕ್ಕೆ ಒದೆಯುವ ಪೂರ್ತಿ ಬಲ ಬೋಲ್ಟಿನ (ಚೇಂಬರನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ಅಗಳಿ) ಮೇಲೆ ಬೀಳುತ್ತದೆ. ತೋಟಾ ಒಣಗಿರಬೇಕು, ಎಣ್ಣೆ ರೈಫಲ್ಲಿಗೆ.

ಹಳೆಯ ಸೇನಾ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ನಳಿಗೆಯಲ್ಲಿ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಅಣ್ಣತಮ್ಮ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವಂತೆ ಇದೂ ಗಾಳಿಯ ತೇವ ಎಳೆದುಕೊಂಡು ನಳಿಗೆಯಲ್ಲಿ ತುಕ್ಕು ಹಿಡಿಸುತ್ತದೆ. ಎಣ್ಣೆಯಲ್ಲಿ ಒರೆಸಿದರೆ ಉಪ್ಪು ಹೋಗುವುದಿಲ್ಲ, ಏಕೆಂದರೆ ಉಪ್ಪು ಕರಗುವುದು ನೀರಿನಲ್ಲಿ. ಅದೇ ದಿನ ನಳಿಗೆಗೆ ಬಿಸಿನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು.

ಸರ್‌ಪ್ಲಸ್ ತೋಟಾ ಎಲ್ಲಿಂದ ಬರುತ್ತದೆ

ಸೇನೆ ರೈಫಲ್ಲಿನ ನಳಿಗೆಯ ಅಳತೆ ಬದಲಿಸಿದಾಗ ಹಳೆ ಅಳತೆಯ ಕೋಟ್ಯಂತರ ತೋಟಾ ಉಗ್ರಾಣದಲ್ಲಿ ಉಳಿಯುತ್ತವೆ. ಇವೇ ಸರ್‌ಪ್ಲಸ್. ಅಮೆರಿಕದಂಥ ದೇಶಗಳಲ್ಲಿ ಇವನ್ನು ಸಾರ್ವಜನಿಕರಿಗೆ ಮಾರುತ್ತಾರೆ. ಸೋವಿಯತ್ ಕಾಲದ 7.62×54 ತೋಟಾ 440ರ ಲೆಕ್ಕದಲ್ಲಿ ಗಾಳಿಯಾಡದ ತಗಡಿನ ಡಬ್ಬಿಯಲ್ಲಿ ಬರುತ್ತದೆ. ಡಬ್ಬಿ ತೆರೆಯಲು ಅದರದ್ದೇ ಚಾಕು ಬೇಕು, ಎಣ್ಣೆಯ ಹಳೆ ತಗಡಿನ ಡಬ್ಬಿ ಕೊರೆದಂತೆ ಕೊರೆಯಬೇಕು. ಆ ಡಬ್ಬಿ ತೆರೆಯದಿರುವವರೆಗೂ ಒಳಗಿನದು ಐವತ್ತು ವರ್ಷ ಕಳೆದರೂ ಹೊಸದರಂತೆ ಇರುವುದುಂಟು. ತೆರೆದ ದಿನದಿಂದ ಬೇರೆ ಲೆಕ್ಕ ಶುರು.

ಭಾರತದಲ್ಲಿ ಸೇನೆಯ ತೋಟಾ ಮಾರಾಟಕ್ಕಿಲ್ಲ. ತ್ರೀ ನಾಟ್ ತ್ರೀ ಮತ್ತು ಸೇನೆಯ 7.62 ಇಲ್ಲಿ ನಿಷೇಧಿತ ಅಳತೆಗಳು. ಲೈಸೆನ್ಸ್ ಇರುವ ಸಾಮಾನ್ಯರಿಗೆ ಸಿಗುವುದು ಪಾಯಿಂಟ್ 315, ಪಾಯಿಂಟ್ 22, 12 ಬೋರ್ ಇಂಥವು. 2021ರ ಅಕ್ಟೋಬರಿನಲ್ಲಿ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಸರ್ಕಾರಿ ತೋಟಾ ತಯಾರಿಕೆ ಮ್ಯುನಿಷನ್ಸ್ ಇಂಡಿಯಾದ ಪಾಲಿಗೆ ಬಂದಿದೆ.

ತೋಟಾದ ತಳ ತಿರುಗಿಸಿ ನೋಡಿದರೆ ಅದರ ಜಾತಕವೇ ಕಾಣುತ್ತದೆ. ಹಳೆ ಮನೆಗಳಲ್ಲಿ ಸಿಗುವ ತ್ರೀ ನಾಟ್ ತ್ರೀಯಲ್ಲಿ ಕೇಪಿನ ಸುತ್ತ ‘ಕೆ’, ‘ಎಫ್’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಪುಣೆಯ ಖಡ್ಕಿ ಕಾರ್ಖಾನೆಯದು, 1869ರಲ್ಲಿ ಶುರುವಾದದ್ದು. ಪಕ್ಕದಲ್ಲಿ ರೋಮನ್ ಅಂಕಿ ಏಳು ಇದ್ದರೆ 1910ರಲ್ಲಿ ಬಂದ, 174 ಗ್ರೇನ್ (ಸುಮಾರು 11 ಗ್ರಾಂ) ತೂಕದ ಚೂಪು ಗುಂಡಿನ ಮಾದರಿ. ಏಳರ ಮುಂದೆ ‘ಝೆಡ್’ ಇದ್ದರೆ ಒಳಗೆ ಕಾರ್ಡೈಟ್ ಇಲ್ಲ, ನೈಟ್ರೋಸೆಲ್ಯುಲೋಸ್ ಮದ್ದು. ಎರಡಂಕಿ ವರ್ಷವನ್ನು ಹೇಳುತ್ತದೆ: 43 ಎಂದರೆ 1943.

ಸೇನೆಗಳು ಆ ವರ್ಷ ನೋಡಿ ತೀರ್ಮಾನಿಸುವುದಿಲ್ಲ. ಒಂದೇ ಸಲ, ಒಂದೇ ಸಾಮಗ್ರಿಯಿಂದ ಮಾಡಿದ ತೋಟಾಗಳನ್ನು ಒಂದು ಲಾಟ್ ಎನ್ನುತ್ತಾರೆ. ಲಾಟಿನಿಂದ ಒಂದಿಷ್ಟು ತೆಗೆದು ಹಾರಿಸಿ ವೇಗ, ಒತ್ತಡ ಅಳೆಯುತ್ತಾರೆ. ಮದ್ದಿನಲ್ಲಿ ಸ್ಥಿರಕಾರಕ ಎಷ್ಟು ಉಳಿದಿದೆ ಎಂದು ಪ್ರಯೋಗಾಲಯದಲ್ಲಿ ನೋಡುತ್ತಾರೆ. ನೇಟೊ ದೇಶಗಳ ಒಂದು ಪರೀಕ್ಷೆಯಲ್ಲಿ ಮದ್ದನ್ನು 80 ಡಿಗ್ರಿಯಲ್ಲಿ ಹತ್ತೂವರೆ ದಿನ ಇಟ್ಟು ಅದರಿಂದ ಹೊರಬರುವ ಬಿಸಿಯನ್ನು ಸೂಕ್ಷ್ಮವಾಗಿ ಅಳೆಯುತ್ತಾರೆ. 25 ಡಿಗ್ರಿಯಲ್ಲಿ ಹತ್ತು ವರ್ಷ ಇಟ್ಟದ್ದಕ್ಕೆ ಅದು ಸಮ. ಮನೆಯಲ್ಲಿ ಇಂಥ ಪರೀಕ್ಷೆ ಆಗದು. ನಮಗಿರುವುದು ಕಣ್ಣು, ಮೂಗು, ಬೆರಳು.

ಕೈಯಲ್ಲಿ ಹಿಡಿದು ನೋಡುವುದು

ಇದು ಲೈಸೆನ್ಸ್ ಇರುವವರು ತಮ್ಮ ತೋಟಾ ನೋಡುವ ಬಗೆ. ಒಳ್ಳೆಯ ಬೆಳಕು, ಒಂದು ಭೂತಗನ್ನಡಿ, ಒಣ ಹತ್ತಿಬಟ್ಟೆ ಸಾಕು. ರೈಫಲ್ ಹತ್ತಿರ ಇರಬಾರದು.

ಮೊದಲು ಬಣ್ಣ. ಹಿತ್ತಾಳೆ ಮಂಕಾಗಿ ಕಂದಿದ್ದರೆ ಅದು ಬರೀ ವಯಸ್ಸು, ತೊಂದರೆಯಿಲ್ಲ. ತೆಳು ಹಸಿರು ಪುಡಿ ಇದ್ದು ಒಣ ಬಟ್ಟೆಗೆ ಪೂರ್ತಿ ಬಂದು, ಕೆಳಗೆ ನುಣುಪು ಲೋಹ ಕಂಡರೆ ಸರಿ. ಒರೆಸಿದ ಮೇಲೆ ಉಗುರಿಗೆ ಗುಳಿ ಸಿಕ್ಕಿದರೆ ಅಲ್ಲಿ ಲೋಹ ತೆಳುವಾಗಿದೆ, ಅದನ್ನು ಬೇರೆ ಇಡಿ. ಮರಳುಕಾಗದ ಹಾಕಿ ಉಜ್ಜಿ ‘ಸರಿಮಾಡುವುದು’ ಇರುವ ಲೋಹವನ್ನೂ ಕಳೆಯುವ ಕೆಲಸ.

ಆಮೇಲೆ ಕಂಠ. ಭೂತಗನ್ನಡಿಯಲ್ಲಿ ಕೂದಲೆಳೆಯಷ್ಟು ಸಣ್ಣ ಉದ್ದ ಗೆರೆ ಕಂಡರೂ ಅದು ಬಿರುಕೇ. ಗುಂಡನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ ನೋಡಿ: ಅಲುಗಿದರೆ, ತಿರುಗಿದರೆ, ಉಳಿದವಕ್ಕಿಂತ ಒಳಗೆ ಕುಸಿದಿದ್ದರೆ ಬೇಡ. ಕುಸಿದ ಗುಂಡು ಮದ್ದಿನ ಜಾಗ ಕಿರಿದು ಮಾಡುತ್ತದೆ, ಒತ್ತಡ ಏರುತ್ತದೆ.

ತಳದಲ್ಲಿ ಕೇಪು ಹಿತ್ತಾಳೆಯ ಮಟ್ಟಕ್ಕೆ ಅಥವಾ ಒಂದು ಎಳೆ ಒಳಗೆ ಇರಬೇಕು. ಮೇಲೆ ಎದ್ದಿದ್ದರೆ ಬೋಲ್ಟು ಹಾಕುವಾಗಲೇ ಸಿಡಿಯುವ ಸಂಭವ. ಕೇಪಿನ ಸುತ್ತ ಹಸಿರು ಉಂಗುರ ಇದ್ದರೆ ತೇವ ಒಳಗೆ ಹೋಗಿದೆ.

ಮೂಗಿಗೆ ಹುಳಿ ಹುಳಿಯಾದ, ಕಣ್ಣು ಚುರುಗುಟ್ಟುವ ವಾಸನೆ ಪೆಟ್ಟಿಗೆ ತೆರೆದ ಕೂಡಲೇ ಬಂದರೆ ಇಡೀ ಪೆಟ್ಟಿಗೆಯೇ ಕೆಟ್ಟಂತೆ. ಅದು ಮದ್ದಿನಿಂದ ಹೊರಬಂದ ಆಮ್ಲದ ವಾಸನೆ. ಗುಂಡು ಮತ್ತು ಕಂಠ ಸೇರುವ ಜಾಗದಲ್ಲಿ ಒಳಗಿನಿಂದ ನೀಲಿ-ಹಸಿರು ಹರಳು ಹೊರಬಂದಿರುವುದೂ ಅದೇ ಗುರುತು. ಒಳಗೆ ಹೇಗಿದೆ ಎಂದು ಗುಂಡನ್ನು ಇಕ್ಕಳದಲ್ಲಿ ಕೀಳುವ ಸಾಹಸ ಬೇಡ.

ಒಂದು ತೋಟಾ ಹೀಗೆ ಕಂಡರೆ ಆ ಪೆಟ್ಟಿಗೆಯ ಉಳಿದವನ್ನೂ ನಂಬಬೇಡಿ. ಒಟ್ಟಿಗೆ ಹುಟ್ಟಿ, ಒಂದೇ ಬಿಸಿ, ಒಂದೇ ತೇವ ಉಂಡವು ಅವು.

ಹಾರಿಸುವಾಗ ಕೈಕೊಡುವುದು ಹೇಗೆ

ಕ್ಲಿಕ್ ಅಂದು ಏನೂ ಆಗದಿದ್ದರೆ ಬೋಲ್ಟಿಗೆ ಕೈ ಹಾಕಬೇಡಿ. ಕೆಟ್ಟ ಕೇಪು ಅಥವಾ ಒದ್ದೆ ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ತಡ ಸಾಮಾನ್ಯವಾಗಿ ಸೆಕೆಂಡಿಗೂ ಕಡಿಮೆ, ಆದರೂ ನಳಿಗೆ ಗುರಿಯತ್ತಲೇ ಇಟ್ಟು ಕನಿಷ್ಠ 30 ಸೆಕೆಂಡು ಕಾಯುವುದು ಶೂಟಿಂಗ್ ರೇಂಜಿನ ನಿಯಮ. ಬೋಲ್ಟ್ ತೆರೆದ ಮೇಲೆ ಸಿಡಿದರೆ ಹಿತ್ತಾಳೆಯನ್ನು ತಡೆಯಲು ಉಕ್ಕು ಇರುವುದಿಲ್ಲ.

ಇದಕ್ಕಿಂತ ಅಪಾಯದ್ದು ‘ಟುಸ್’ ಸದ್ದು. ಸದ್ದು ಕಮ್ಮಿ, ಭುಜಕ್ಕೆ ಒದೆತ ಕಮ್ಮಿ ಎಂದರೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು. ಇನ್ನೊಂದು ಈಡು ಹೊಡೆದರೆ ನಳಿಗೆ ಬಾಳೆಹಣ್ಣಿನ ಸಿಪ್ಪೆಯಂತೆ ಸೀಳುತ್ತದೆ. ಹೊಡೆತ ವಿಚಿತ್ರ ಅನಿಸಿದ ಕ್ಷಣವೇ ನಿಲ್ಲಿಸಿ, ಖಾಲಿ ಮಾಡಿ, ಚೇಂಬರ್ ಕಡೆಯಿಂದ ಬೆಳಕು ಬಿಟ್ಟು ನಳಿಗೆ ನೋಡಿ ಅಥವಾ ಕಡ್ಡಿ ತೂರಿಸಿ ನೋಡಿ.

ಮೂರನೆಯದು ಒತ್ತಡ ಹೆಚ್ಚುವುದು. ಮದ್ದು ಹಳತಾದರೆ ಬಲ ಕುಗ್ಗಬೇಕಲ್ಲ, ಹೆಚ್ಚುವುದೇಕೆ? ಮದ್ದಿನ ಕಾಳಿನ ಮೇಲೆ ಮೊದಲ ಉರಿ ನಿಧಾನವಾಗಲೆಂದು ಒಂದು ಲೇಪ ಕೊಟ್ಟಿರುತ್ತಾರೆ. ವರ್ಷಗಟ್ಟಲೆ ಬಿಸಿಯಲ್ಲಿ ಆ ಲೇಪ ಕಾಳಿನೊಳಗೆ ಇಂಗುತ್ತದೆ, ಉರಿ ಒಮ್ಮೆಲೇ ಏಳುತ್ತದೆ. ಕಂಠದ ಸುತ್ತ ಹಾಕಿದ ಡಾಂಬರಿನಂಥ ಅಂಟು ಗಟ್ಟಿಯಾಗಿ ಗುಂಡು ಸಡಿಲಗೊಳ್ಳಲು ಹೆಚ್ಚು ಬಲ ಬೇಡುತ್ತದೆ. ಎರಡೂ ಒತ್ತಡ ಏರಿಸುತ್ತವೆ. ಹಾರಿಸಿದ ಕೊಳವೆಯಲ್ಲಿ ಕೇಪು ಚಪ್ಪಟೆಯಾಗಿ ಹರಡಿದ್ದರೆ, ಬೋಲ್ಟ್ ಎತ್ತಲು ಗಟ್ಟಿಯಾದರೆ, ಅದೇ ಎಚ್ಚರಿಕೆ. ಕನ್ನಡಕ ಹಾಕದೆ ಹಳೆ ತೋಟಾ ಹಾರಿಸುವುದು ಯಾವ ಕಾರಣಕ್ಕೂ ಸರಿಯಲ್ಲ.

ಇಡುವ ಕ್ರಮ

ರಬ್ಬರ್ ಅಂಚಿನ ಮುಚ್ಚಳವಿರುವ ತಗಡಿನ ಪೆಟ್ಟಿಗೆ ಒಳ್ಳೆಯದು. ಕಾಗದದ ಒಂದು ಪಟ್ಟಿಯನ್ನು ಮುಚ್ಚಳದಲ್ಲಿ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸೋತಿದೆ. ಮುಚ್ಚುವ ದಿನ ಒಣ ಹವೆ ಇರಲಿ: ಆಷಾಢದ ಮಳೆಯಲ್ಲಿ ಮುಚ್ಚಿದರೆ ಆಷಾಢದ ಗಾಳಿಯನ್ನೇ ಒಳಗೆ ಕೂಡಿಟ್ಟಂತೆ. ಜನವರಿ, ಫೆಬ್ರವರಿಯ ಮಧ್ಯಾಹ್ನ ಬೆಂಗಳೂರಿನಲ್ಲಿ ಇದಕ್ಕೆ ಹೇಳಿ ಮಾಡಿಸಿದ ಹೊತ್ತು. ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ಲಿನ ಪೊಟ್ಟಣ ಇಡಿ. ನೀಲಿ ಗುಲಾಬಿಗೆ ತಿರುಗಿದರೆ 110ರಿಂದ 120 ಡಿಗ್ರಿಯ ಓವನ್ನಿನಲ್ಲಿ ಜೆಲ್ಲನ್ನು ಮಾತ್ರ ಒಣಗಿಸಿ ತಣಿದ ಮೇಲೆ ಮತ್ತೆ ಹಾಕಬಹುದು.

ಫ್ರಿಜ್ಜಿನಲ್ಲಿ ಇಡುವುದು ಬೇಡ. ಹಿಟ್ಟಿನ ಡಬ್ಬಿ ಹೊರಗೆ ತೆಗೆದಾಗ ಮೈಮೇಲೆ ನೀರು ಮೂಡುವುದನ್ನು ದಿನವೂ ನೋಡುತ್ತೇವೆ. ತೋಟಾಕ್ಕೂ ಅದೇ ಗತಿ. ಅತಿ ತಂಪಿಗಿಂತ ಏರಿಳಿತವಿಲ್ಲದ ತಂಪು ಮುಖ್ಯ. ನೆಲಮಟ್ಟದ ಕೋಣೆಯ ಒಳಗೋಡೆ, ನೆಲದಿಂದ ಒಂದಡಿ ಎತ್ತರ, ಬೀಗ ಹಾಕಿದ ಬೀರು, ರೈಫಲ್ ಬೇರೆ ಕಡೆ. ತಂದ ತಿಂಗಳು, ವರ್ಷ, ಲಾಟಿನ ಸಂಖ್ಯೆ ಪೆಟ್ಟಿಗೆಯ ಮೇಲೆ ಬರೆದು ಹಳೆಯದನ್ನು ಮೊದಲು ಬಳಸಿ. ಬೇರೆ ಬೇರೆ ಲಾಟನ್ನು ಒಂದೇ ಡಬ್ಬಿಗೆ ಸುರಿದರೆ ನಾಳೆ ಒಂದು ಕೆಟ್ಟಾಗ ಯಾವುದನ್ನು ಬೇರೆ ಮಾಡಬೇಕೆಂದೇ ತಿಳಿಯುವುದಿಲ್ಲ. ಹೀಗೆ ಇಟ್ಟ ಕಾರ್ಖಾನೆಯ ತೋಟಾ ಇಪ್ಪತ್ತು ವರ್ಷ ಬಾಳುವುದರಲ್ಲಿ ಅಚ್ಚರಿಯೇನಿಲ್ಲ. ಕಾಗದದ ಕೊಳವೆಯ ಹಳೆ 12 ಬೋರ್ ತೋಟಾ ಮಾತ್ರ ಬೇಗ ಉಬ್ಬುತ್ತದೆ. ಚೇಂಬರಿಗೆ ಸಲೀಸಾಗಿ ಇಳಿಯದಿದ್ದರೆ ಒತ್ತಿ ತುರುಕಬೇಡಿ.

ಬೇಡದ ತೋಟಾ, ಅಟ್ಟದಲ್ಲಿ ಸಿಕ್ಕ ತೋಟಾ

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಒಂದೇ ಒಂದು ತೋಟಾ ಇಟ್ಟುಕೊಳ್ಳುವುದೂ ಅಪರಾಧ. ಅದು ಹಾರುವುದಿಲ್ಲ, ನೆನಪಿಗೆ ಇಟ್ಟಿದ್ದೇವೆ ಎಂಬುದು ಉತ್ತರವಾಗುವುದಿಲ್ಲ. ಬ್ಯಾಗಿನ ಮೂಲೆಯಲ್ಲಿ ಮರೆತ ತೋಟಾ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೆ ಪೊಲೀಸ್ ಕೇಸೇ ಆಗುತ್ತದೆ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸಿನಿಂದ ಕೇಂದ್ರ ಸರ್ಕಾರ ಕೊಟ್ಟ ವಿನಾಯಿತಿಯನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಲಾಗಿದೆ. ಆದರೆ ಅದು ನಿಷೇಧಿತ ಅಳತೆಯ ಸೇನಾ ತೋಟಾಕ್ಕೆ ರಕ್ಷೆ ಎಂದು ತಿಳಿಯಬಾರದು.

ಅಟ್ಟದಲ್ಲಿ ಸಿಕ್ಕಿದರೆ ಇದ್ದಲ್ಲೇ ಬಿಡಿ. ಮಕ್ಕಳನ್ನು, ಕೆಲಸದವರನ್ನು ಆಚೆ ಕಳಿಸಿ, ಒಂದು ಫೋಟೊ ತೆಗೆದು, 112ಕ್ಕೆ ಅಥವಾ ಹತ್ತಿರದ ಠಾಣೆಗೆ ಫೋನ್ ಮಾಡಿ. ಎಷ್ಟಿವೆ, ಎಲ್ಲಿ ಸಿಕ್ಕವು, ಮುಟ್ಟದೆಯೇ ಕಂಡರೆ ತಳದಲ್ಲಿ ಏನು ಬರೆದಿದೆ ಎಂದು ಹೇಳಿ. ನೀವೇ ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡು ಠಾಣೆಗೆ ಹೋಗಬೇಡಿ. ದಾರಿಯಲ್ಲಿ ತಪಾಸಣೆಗೆ ಸಿಕ್ಕರೆ ವಿವರಿಸುವುದು ಕಷ್ಟ. ತೋಟಾಗಿಂತ ದಪ್ಪನೆಯ, ಶೆಲ್ ಅಥವಾ ಗ್ರೆನೇಡ್ ಥರದ ವಸ್ತು ಕಂಡರೆ ಹತ್ತಿರವೇ ಹೋಗಬೇಡಿ. ಅದು ಬಾಂಬ್ ನಿಷ್ಕ್ರಿಯ ದಳದ ಕೆಲಸ. ಪೊಲೀಸರು ಬಂದು ತೆಗೆದುಕೊಂಡು ಹೋದಾಗ ಬರಹದಲ್ಲಿ ಸ್ವೀಕೃತಿ ಕೇಳಿ ಪಡೆಯಿರಿ.

ಲೈಸೆನ್ಸ್‌ದಾರರು ತೀರಿಕೊಂಡಿದ್ದರೆ ಕೋವಿ, ತೋಟಾ ಎರಡನ್ನೂ ವಾರಸುದಾರರು ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಬಳಿ ಠೇವಣಿ ಇಡಬೇಕು, ಕಾಯ್ದೆಯ 21ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಆಮೇಲೆ ತಮ್ಮ ಹೆಸರಿಗೆ ಲೈಸೆನ್ಸಿಗಾಗಿ ಅರ್ಜಿ ಹಾಕಬಹುದು: ಬೆಂಗಳೂರು ನಗರದಲ್ಲಿ ಪೊಲೀಸ್ ಕಮಿಷನರ್‌ಗೆ, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗೆ. ಲೈಸೆನ್ಸ್ ಇರುವವರು ತಮ್ಮ ಕೆಟ್ಟ ತೋಟಾ ಒಪ್ಪಿಸುವಾಗಲೂ ಸಂಖ್ಯೆಯನ್ನು ದಾಖಲೆಯಲ್ಲಿ ಬರೆಸಬೇಕು.

ಪಾಲಿಕೆಯ ಕಸದ ಗಾಡಿಗೆ ಹಾಕಿದರೆ ಅದು ಕಸ ಒತ್ತುವ ಯಂತ್ರದೊಳಗೆ ಹೋಗುತ್ತದೆ, ಅಲ್ಲಿ ಪೌರಕಾರ್ಮಿಕರ ಕೈಯಿದೆ. ಗುಜರಿಗೆ ಕೊಟ್ಟರೆ ಹಿತ್ತಾಳೆ ಕರಗಿಸುವ ಕುಲುಮೆಗೆ ಹೋಗುತ್ತದೆ. ಬೆಂಕಿಗೆ ಎಸೆದ ತೋಟಾದಲ್ಲಿ ಗುಂಡು ಬಂದೂಕಿನ ವೇಗದಲ್ಲಿ ಹಾರುವುದಿಲ್ಲ, ನಳಿಗೆಯ ಆಸರೆ ಅದಕ್ಕಿಲ್ಲ. ಹಾರುವುದು ಹರಿದ ಹಿತ್ತಾಳೆಯ ಚೂರು ಮತ್ತು ಕೇಪು, ಕಣ್ಣು ತೆಗೆಯಲು ಅಷ್ಟು ಸಾಕು. ಕೆರೆಗೆ, ಬಾವಿಗೆ ಎಸೆದದ್ದು ನೀರಿನಲ್ಲಿ ಸಾಯುವುದಿಲ್ಲ. ಅಂಟು ಸರಿಯಿರುವ ಸೇನಾ ತೋಟಾ ವರ್ಷಗಳ ನಂತರ ಕೆರೆ ಒಣಗಿದಾಗ ಯಾವುದೋ ಮಗುವಿನ ಕೈಗೆ ಸಿಗುತ್ತದೆ, ಆಗಲೂ ಅದರ ಕೇಪು ಜೀವಂತವಾಗಿರಬಹುದು.